ಮೂರು ಚಕ್ರದ ಮರಳುಗಾಡಿ

ನಂಜನಗೂಡು–ತಿ. ನರಸೀಪುರ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಗುವ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಸೀಟಿಲ್ಲ ಅಂದರೂ ಅವು ಫುಟ್‌ಬೋರ್ಡಿಗೆ ಜೋತುಬಿದ್ದು ಬಂದೇ ಬರುತ್ತವೆ. ನನ್ನ ಪಾಲಿಗೆ ಬಂದವುಗಳಲ್ಲಿ ಅರ್ಧಕ್ಕರ್ಧ ನಮ್ಮ ಡ್ರೈವರಣ್ಣನ ಒಂದು ಹುಚ್ಚಿನಿಂದ ಹುಟ್ಟಿದವು.

ಅಣ್ಣ ಬಸ್ಸಿನ ಸ್ಟೇರಿಂಗ್ ಹಿಡಿಯುವ ಮೊದಲು, ಹೊಳೆಯ ಮರಳು ಪರೀಕ್ಷೆ ಮಾಡಲು ಬಂದಿದ್ದ ಹೊರದೇಶದ ಎಂಜಿನಿಯರ್ ಒಬ್ಬನ ಹತ್ತಿರ ಕೆಲಸಕ್ಕಿದ್ದ. ಆ ಎಂಜಿನಿಯರನ ಬಳಿ ಒಂದು ಗಾಡಿ. ಮುಂದೆ ಒಂದು ಚಕ್ರ, ಹಿಂದೆ ಎರಡು, ಮೂರೂ ಕುಂಬಳಕಾಯಿಯ ಹಾಗೆ ಊದಿಕೊಂಡ ಟೈರುಗಳು. ಮೋಟಾರ್‌ಸೈಕಲ್ಲಿನಂತೆ ಮೇಲೆ ಕೂತು ಹ್ಯಾಂಡಲ್ ಹಿಡಿಯಬೇಕು. ರಸ್ತೆಗಲ್ಲ, ಮರಳು, ಕೆಸರು, ಗದ್ದೆ ಬದುಗಳಿಗೆಂದೇ ಮಾಡಿದ್ದು. ಅದನ್ನು ಓಡಿಸುವ ಕೆಲಸ ಅಣ್ಣನದು. ಎಂಜಿನಿಯರ್ ತನ್ನ ದೇಶಕ್ಕೆ ಹೋದ, ಗಾಡಿ ಹರಾಜಿಗೆ ಹೋಯಿತು, ಅಣ್ಣ ಬಸ್ಸಿಗೆ ಬಂದ.

"ಟಾರ್ ರೋಡಲ್ಲಿ ಓಡ್ಸೋದು ಸಂಬಳಕ್ಕೆ ಕಣ್ಲಾ. ಮರಳಲ್ಲಿ ಓಡ್ಸಿದ್ನಲ್ಲಾ, ಅದು ನಂಗೆ," ಅನ್ನುತ್ತಿದ್ದ. ಹೊಳೆಯ ಸೇತುವೆ ದಾಟುವಾಗಲೆಲ್ಲ ಅವನ ಕುತ್ತಿಗೆ ತಾನಾಗಿಯೇ ಮರಳಿನ ಕಡೆ ತಿರುಗುತ್ತಿತ್ತು. ನಾನು ಹಿಂದಿನಿಂದ ವಿಷಲ್ ಊದಿದರೆ ಮತ್ತೆ ರಸ್ತೆಗೆ ಬರುತ್ತಿತ್ತು.

ಕಾವಿಗೆ ಕೂತವಳು

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಬಸ್ಸಿನ ಮಧ್ಯಾಹ್ನದ ಟ್ರಿಪ್ ಹೆಡತಲೆಗೂ ಹೋಗಿಬರುತ್ತಿತ್ತು. ಒಂದು ದಿನ ಅಲ್ಲಿ ಬಸ್ಸು ತಿರುಗಿಸುವಾಗ ಅಣ್ಣ ಧಡಕ್ಕನೆ ಬ್ರೇಕ್ ಹಾಕಿ ಇಳಿದೇ ಹೋದ. ನೋಡಿದರೆ ರಸ್ತೆ ಪಕ್ಕದ ಕೊಟ್ಟಿಗೆಯಲ್ಲಿ, ಹುಲ್ಲಿನ ಅಡಿಯಿಂದ ಒಂದು ಕುಂಬಳಕಾಯಿ ಟೈರು ಇಣುಕುತ್ತಿತ್ತು. ಅದೇ ಗಾಡಿ. ಎಂಜಿನ್ ತುಕ್ಕು ಹಿಡಿದು ಕೂತಿದೆ, ಸೀಟು ಇಲಿ ತಿಂದಿದೆ, ಉಳಿದದ್ದರ ಮೇಲೆ ಒಂದು ಕೋಳಿ ಕೂತಿದೆ.

ಕೊಟ್ಟಿಗೆಯ ಯಜಮಾನರು ಒಳ್ಳೆಯವರು. "ನಮ್ಮಪ್ಪ ಹರಾಜಲ್ಲಿ ಉಳೋಕೆ ಆಯ್ತದೆ ಅಂತ ತಂದಿತ್ತು. ನೇಗಿಲು ಕಟ್ಟುದ್ರೆ ಮುಂದಿನ ಚಕ್ರ ಎತ್ಕಂಡು ಎತ್ಕಂಡು ಕುದುರೆ ಥರ ನಿಂತ್ಕತಿತ್ತು. ತಗಂಡೋಗಿ, ತೂಕದ ರೇಟಿಗೆ ಕೊಡ್ತೀನಿ. ಆದ್ರೆ ಈಗ ಬ್ಯಾಡ. ಕೋಳಿ ಕಾವಿಗೆ ಕೂತದೆ, ಎಬ್ಬಿಸಂಗಿಲ್ಲ," ಅಂದರು.

ಆವತ್ತಿನಿಂದ ದಿನವೂ ಅಲ್ಲಿ ಬಸ್ಸು ನಿಲ್ಲಿಸಿ ಅಣ್ಣ ಕಿಟಕಿಯಿಂದ ಕೂಗುವುದು: "ಆಯ್ತಾ?"

ಯಜಮಾನರು ಕೊಟ್ಟಿಗೆಯಿಂದ ಕೂಗುವುದು: "ಇನ್ನೂ ಇಲ್ಲ ಕಣ್ರೀ! ಬಲು ಸುಸ್ತಾಗವ್ಳೆ!"

ದಿನಾ ಹೋಗಿಬರುವ ಪ್ರಯಾಣಿಕರು ಇದನ್ನು ಕೇಳಿ ಕೇಳಿ ಮರುಗತೊಡಗಿದರು. ಒಬ್ಬ ಹೆಂಗಸು ನನ್ನ ಕೈಗೆ ಒಣಶುಂಠಿ ಪೊಟ್ಟಣ ಕೊಟ್ಟು, "ಮೊದಲನೇ ಹೆರಿಗೇನಾ?" ಅಂದಳು. ನಾನು, "ಇಲ್ಲ ಕಣಮ್ಮ, ವರ್ಷವರ್ಷವೂ," ಅಂದೆ. "ಅಯ್ಯೋ ಪಾಪಿಗಳಾ," ಅಂತ ಅವಳು ಯಜಮಾನರ ಕಡೆ ನೋಡಿದ ನೋಟವಿದೆಯಲ್ಲ, ಆತ ಅಲ್ಲೇ ಸುಟ್ಟುಹೋಗಬೇಕಿತ್ತು.

ಕೊನೆಗೊಂದು ದಿನ ಯಜಮಾನರೇ ಟವೆಲ್ ಬೀಸುತ್ತಾ ರಸ್ತೆಗೆ ಓಡಿಬಂದರು. "ಆಯ್ತು ಸಾ! ಎಲ್ಲಾ ಚೆನ್ನಾಗವೆ!"

ಇಡೀ ಬಸ್ಸು ಎದ್ದು ನಿಂತು ಕೇಳಿತು, "ಎಣ್ಣಾ? ಗಂಡಾ?"

"ಈಗ್ಲೇ ಯಂಗೇಳದು? ಪುಕ್ಕ ಬರ್ಲಿ ತಾಳಿ!"

ರಸಬಾಳೆ

ಗಾಡಿ ನಂಜನಗೂಡಿಗೆ, ಅಣ್ಣನ ಮನೆ ಮುಂದಕ್ಕೆ ಬಂತು. ಹೊಸ ಸಾಮಾನು ಹಾಕಿಸುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ಇದ್ದಿದ್ದರೂ ಆ ಗಾಡಿಯ ಸಾಮಾನು ಈ ದೇಶದಲ್ಲೇ ಸಿಗುತ್ತಿರಲಿಲ್ಲ. ಸತ್ತ ಮೊಪೆಡ್ಡಿನ ಕಾರ್ಬುರೇಟರ್, ಬೋರ್‌ವೆಲ್ ಪೈಪಿನ ತುಂಡಿನಿಂದ ಸೈಲೆನ್ಸರ್, ಹಳೆ ಸೈಕಲ್ಲಿನ ಬ್ರೇಕ್ ವೈರು, ಹೀಗೆ ಯಾರ್ಯಾರದೋ ಅಂಗಾಂಗ ಜೋಡಿಸುತ್ತಾ ಹೋದೆವು. ರೂಟಿನ ಉದ್ದಕ್ಕೂ ಪರಿಚಯದವರಿದ್ದರು. ಏನು ಸಿಕ್ಕಿದರೂ ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಬರುವುದೇ.

ಹಾಗೆ ಒಂದು ಸಲ, ಟ್ರ್ಯಾಕ್ಟರ್ ಟ್ಯೂಬ್ ಕತ್ತರಿಸಿ ಒಳಗಿಂದ ತೇಪೆ ಹಾಕಿಸಿದ ಟೈರೊಂದನ್ನು ನರಸೀಪುರದಿಂದ ತರುತ್ತಿದ್ದೆವು. ಆ ಟೈರಿಗೆ ಗಾಳಿ ಮೆತ್ತಗಿರಬೇಕು. ಪಂಕ್ಚರ್ ಅಂಗಡಿಯವನು ಪ್ರೀತಿ ಹೆಚ್ಚಾಗಿ ಲಾರಿಗೆ ತುಂಬುವ ಹಾಗೆ ತುಂಬಿದ್ದ. ಮೇಲೆ ಏಪ್ರಿಲ್ ಬಿಸಿಲು. ಬಿಳಿಗೆರೆ ಹತ್ತಿರ ಬರುವಷ್ಟರಲ್ಲಿ 'ಢಮಾರ್!'

ಅಣ್ಣ ಬಸ್ಸು ನಿಲ್ಲಿಸಿ ಇಳಿದ. ನಾನೂ ಇಳಿದೆ. ಬಸ್ಸಿನ ಒಂದೊಂದು ಟೈರನ್ನೂ ಒದ್ದು ನೋಡಿದೆವು. ಎಲ್ಲಾ ಗಟ್ಟಿಯಾಗಿವೆ. ಅಣ್ಣ ತಲೆ ಕೆರೆದುಕೊಂಡು, "ಸಿಡಿದಿರೋದು ಏನ್ಲಾ ಹಂಗಾದ್ರೆ?" ಅಂದ. ಅಷ್ಟರಲ್ಲಿ ಕಿಟಕಿಗಳ ಮೇಲಿಂದ ಏನೋ ಹಳದಿ ಬಣ್ಣದ್ದು ನಿಧಾನಕ್ಕೆ ಇಳಿಯತೊಡಗಿತು.

ಟೈರಿನ ಪಕ್ಕದಲ್ಲಿ ಬಾಳೆಹಣ್ಣಿನ ವ್ಯಾಪಾರಿಯೊಬ್ಬನ ಕುಕ್ಕೆಗಳಿದ್ದವು. ಅವನು ಎದೆ ಎದೆ ಬಡಿದುಕೊಂಡು, "ನಂಜನಗೂಡು ರಸಬಾಳೆ ಸಾ! ಅಸಲಿ ಮಾಲು! ಮೈಸೂರಿನ ದೊಡ್ಡ ಮನೆ ಮದುವೆಗೆ ಒಪ್ಕಂಡಿದ್ದೆ! ಕಟ್ಟಿ ಕೊಡಿ, ಇಲ್ದಿದ್ರೆ ಸ್ಟೇಷನ್ಗೇ ಓಗದು!" ಅಂತ ರೇಗಾಡಿದ. ಅಣ್ಣನ ಮುಖ ಬಿಳಿಚಿಕೊಂಡಿತು. ನಂಜನಗೂಡು ರಸಬಾಳೆ ಆಗಲೇ ಚಿನ್ನದ ಹಾಗೆ ಅಪರೂಪ.

ಆಗ ಕಿಟಕಿ ಪಕ್ಕ ಕೂತಿದ್ದ ತಾತ ಒಬ್ಬ, ತೋಟದಲ್ಲೇ ಮುದುಕನಾದವನಿರಬೇಕು, ಗಾಜಿನ ಮೇಲೆ ಇಳಿಯುತ್ತಿದ್ದದ್ದನ್ನು ಬೆರಳಲ್ಲಿ ಒರೆಸಿ ಬಾಯಿಗಿಟ್ಟುಕೊಂಡ. ಕಣ್ಣು ಮುಚ್ಚಿದ. ಇನ್ನೊಂದು ಸಲ ಒರೆಸಿದ. ಬಸ್ಸೆಲ್ಲ ಅವನ ಬಾಯನ್ನೇ ನೋಡುತ್ತಿದೆ.

"ಇದು ರಸಬಾಳೆ ಅಂದೋನು ಯಾವನ್ಲಾ?"

ವ್ಯಾಪಾರಿ ಸ್ಟೇಷನ್ನಿನ ಮಾತು ಬಿಟ್ಟು ಹಿಂದಿನ ಸೀಟಿಗೆ ಸರಿದು ಕೂತ. ಇಳಿಯುವಾಗ ಲಗೇಜ್ ಚಾರ್ಜನ್ನು ಕೇಳುವ ಮೊದಲೇ ಕೊಟ್ಟ.

ಮಿಲ್ಲು

ಮನೆ ಮುಂದೆ ರಂಗೋಲಿ ಹಾಕುವ ಜಾಗವನ್ನೇ ಗಾಡಿ ಹಿಡಿದುಕೊಂಡಿದ್ದಕ್ಕೆ ಅತ್ತಿಗೆಗೆ ತಡೆಯಲಾರದ ಸಿಟ್ಟು. "ಸವತಿ ತಂದಿದ್ರೆ ಒಂದು ಬಿಂದಿಗೆ ನೀರಾದ್ರೂ ಸೇದಾಕತಿದ್ಲು," ಅನ್ನುತ್ತಿದ್ದರು. ಬೀದಿಯ ಹೆಂಗಸರೆಲ್ಲ "ಅದೇನಕ್ಕಾ?" ಅಂತ ಕೇಳಿ ಕೇಳಿ ಸಾಕು ಮಾಡಿದ್ದರು. ಅತ್ತಿಗೆ ಒಬ್ಬಳಿಗೆ ನೀರೆತ್ತುವ ಮೋಟಾರ್ ಅಂದರು, ಇನ್ನೊಬ್ಬಳಿಗೆ ಕಬ್ಬಿನ ಗಾಣ ಅಂದರು, ಮೂರನೆಯವಳಿಗೆ ರಾಗಿ ಮಿಲ್ಲು ಅಂದರು.

ಆ ಗಾಡಿಯ ಎಂಜಿನ್ನನ್ನು ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಅಸಲಿ ಹಗ್ಗ ಕೊಳೆತು ಹೋಗಿದ್ದರಿಂದ ದನ ಕಟ್ಟುವ ಹಗ್ಗ ಹಾಕಿದ್ದೆವು. ವಾರದ ರಜೆ ಬಂದರೆ ಅಣ್ಣ ಎಳೆಯುವುದು, ಸುಸ್ತಾದರೆ ನಾನು ಎಳೆಯುವುದು. ಅದು ಒಂದು ಸಲ ಕೆಮ್ಮಿ ಸುಮ್ಮನಾಗುವುದು. ಆ ಕೆಮ್ಮು ಕೇಳಿದರೆ ಸಾಕು, ಅಣ್ಣನ ಮುಖ ಅರಳುತ್ತಿತ್ತು. "ಕೇಳ್ದಾ? ಗುರ್ತು ಹಿಡೀತು ಕಣ್ಲಾ ನನ್ನ," ಅನ್ನುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಅದು ಗುರುತು ಹಿಡಿದೇ ಬಿಟ್ಟಿತು. ಪಟಪಟಪಟ ಅಂತ ಬೀದಿಗೆ ಬೀದಿಯೇ ಅದುರಿತು. ಬೋರ್‌ವೆಲ್ ಪೈಪಿನಿಂದ ನೀಲಿ ಹೊಗೆ. ಅಣ್ಣ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು ನಿಂತುಬಿಟ್ಟ. ನಾನು ಅವನ ಮುಖ ನೋಡಲಾರದೆ ಹೊಗೆಯ ಕಡೆ ನೋಡಿದೆ.

ಹೊಗೆಯೊಳಗಿಂದ ಆ ಮೂರನೆಯವಳು ಬಂದಳು. ತಲೆಯ ಮೇಲೆ ರಾಗಿ ತುಂಬಿದ ಕುಕ್ಕೆ. ಅದನ್ನು ಗಾಡಿಯ ಸೀಟಿನ ಮೇಲೆ ಇಳಿಸಿ, ಸೆರಗಲ್ಲಿ ಮುಖ ಒರೆಸಿಕೊಂಡು ಅಣ್ಣನಿಗೆ ಹೇಳಿದಳು: "ನುಣ್ಣಗೆ ಬೀಸಪ್ಪ. ಮೇಗಲ್ಬೀದಿ ಮಿಲ್ಲಿನೋನು ತರಿ ತರಿ ಮಾಡ್ತಾನೆ."

ಅಣ್ಣ ಬಾಯಿ ತೆರೆಯುವ ಮೊದಲೇ ಅತ್ತಿಗೆ ಒಳಗಿಂದ ಬಂದು, ಸಲೀಸಾಗಿ ಅಂದರು: "ಇವತ್ತು ಕರೆಂಟಿಲ್ಲ, ನಾಳೆ ಬಾ."

ಕಣ್ಣಿನ ಡಾಕ್ಟರು

ಈ ಪ್ರಸಂಗವನ್ನು ಬಿಟ್ಟುಬಿಡೋಣ ಅಂತಿದ್ದೆ. ಆದರೆ ಇದಿಲ್ಲದೆ ಮುಂದಿನದಕ್ಕೆ ಅರ್ಥವಿಲ್ಲ.

ಬಿಸಿಲೇರಿದ ಹೊತ್ತಲ್ಲೂ ಅಣ್ಣ ಎದುರಿನ ಬಸ್ಸುಗಳನ್ನು ತಡವಾಗಿ ಗುರುತಿಸುತ್ತಿದ್ದ. ನಾನು ಒತ್ತಾಯ ಮಾಡಿ ನರಸೀಪುರದಲ್ಲಿ ಒಬ್ಬ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರದ ಬೋರ್ಡ್ ತೋರಿಸಿ, "ಏನು ಬರೆದಿದೆ ಓದಿ," ಅಂದರು.

ಅಣ್ಣ ಬೋರ್ಡಿನ ಬದಲು ನನ್ನ ಕಡೆ ತಿರುಗಿದ.

"ಬೋರ್ಡ್ ಕಾಣ್ತಾ ಇಲ್ವಾ?"

"ಬೋರ್ಡ್ ಓದೋದು ನನ್ನ ಡ್ಯೂಟಿ ಅಲ್ಲ ಸಾ. ಅದು ಕಂಡಕ್ಟರ್‌ದು."

ನನಗೇನಾಯಿತೋ, ಇಷ್ಟು ವರ್ಷದ ಅಭ್ಯಾಸ, ಬಾಗಿಲಲ್ಲಿ ನಿಂತಿದ್ದವನು ರಾಗವಾಗಿ ಕೂಗಿಬಿಟ್ಟೆ: "ಗ, ಪ, ಟ, ರ, ನ, ಮ, ಬನ್ನಿ ಬನ್ನಿ!" ಹೊರಗೆ ಬೆಂಚಿನ ಮೇಲಿದ್ದ ರೋಗಿಗಳಲ್ಲಿ ಇಬ್ಬರು ಎದ್ದು ಒಳಗೆ ಬಂದರು. ಡಾಕ್ಟರು ನನ್ನನ್ನೂ ಆ ಇಬ್ಬರನ್ನೂ ಆಚೆ ಹಾಕಿ ಬಾಗಿಲು ಮುಚ್ಚಿದರು.

ಬಾಗಿಲು ತೆರೆದಾಗ ಯಾರೂ ನಗುತ್ತಿರಲಿಲ್ಲ. ಕಣ್ಣಿನ ನರ ಒಣಗುತ್ತಾ ಬಂದಿದೆ, ಆಪರೇಷನ್ನಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು, ಬಸ್ಸು ಮಾತ್ರ ಓಡಿಸಕೂಡದು ಅಂದರು. ಅಣ್ಣ ವಾದ ಮಾಡಲಿಲ್ಲ. ನೇರವಾಗಿ ಬಸ್ ಸ್ಟ್ಯಾಂಡಿಗೆ ಬಂದು, ಓನರಿಗೆ ಫೋನ್ ಮಾಡಿ, "ಬೇರೆ ಡ್ರೈವರ್ ಕಳಿಸಿ. ಜನಗಳನ್ನ ಕೂರಿಸ್ಕಂಡು ನಾನಿನ್ನು ಓಡ್ಸಲ್ಲ," ಅಂದ. ಬದಲಿ ಡ್ರೈವರ್ ಬರುವ ತನಕ ನಮ್ಮ ಬಸ್ಸಿನ ಮೊದಲನೇ ಸೀಟಿನಲ್ಲಿ, ಪ್ರಯಾಣಿಕನ ಹಾಗೆ, ಕೈ ಕಟ್ಟಿಕೊಂಡು ಕೂತಿದ್ದ.

ಬಸ್ಸು ಹೊರಟಿತು. ನಾನು ಟಿಕೆಟ್ ಹರಿಯುತ್ತಾ ಅವನ ಹತ್ತಿರ ಬಂದೆ.

ಅವನು ಹೊಸ ಡ್ರೈವರನ ಕಡೆ ಗದ್ದ ಎತ್ತಿ ಹೇಳಿದ: "ಹಿಂಗೆ ಓಡ್ಸುತಾವ್ನಲ್ಲಾ ಇವ್ನು... ನಾವು ನಂಜನಗೂಡು ಸೇರ್ತೀವಾ? ಇವ್ನನ್ನೂ ಒಂದ್ಸಲ ಡಾಕ್ಟರಿಗೆ ತೋರ್ಸು."

ಹೊಳೆಯಲ್ಲಿ ಒಂದು ಸ್ಟಾಪು

ಆ ಬೇಸಿಗೆಯೊಳಗೆ ಗಾಡಿ ಮರಳು ಕಾಣಲೇಬೇಕು ಅಂತಾಯಿತು. ಮುಂದಿನ ಬೇಸಿಗೆಗೆ ಅಣ್ಣನ ಕಣ್ಣು ಎಷ್ಟು ಉಳಿದಿರುತ್ತದೋ ಯಾರಿಗೆ ಗೊತ್ತು. ಸೀಟಿಗೆ ಚಮ್ಮಾರಣ್ಣನೊಬ್ಬ ಹಳೆ ಬ್ಯಾಗುಗಳ ರೆಕ್ಸಿನ್ ಹೊಲಿದುಕೊಟ್ಟ. ಕಬ್ಬು ಇಳಿಸಿ ಖಾಲಿ ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಗಾಡಿ ಏರಿಸಿ, ಸೋಸಲೆ ಹತ್ತಿರ ಹೊಳೆಗೆ ಇಳಿಸಿದೆವು. ಅತ್ತಿಗೆಯೂ ಬಂದಿದ್ದರು. ನೀರು ಆಚೆ ದಡಕ್ಕೆ ಸರಿದು, ಈಚೆಗೆ ಕಣ್ಣು ಹರಿಯುವಷ್ಟು ದೂರ ಬರೀ ಮರಳು.

"ಇಲ್ಲಿ ಯಾರೂ ಅಡ್ಡ ಬರಲ್ಲ," ಅಂದ ಅಣ್ಣ. ಕಾಲಿಂದ ಚಪ್ಪಲಿ ಬಿಟ್ಟ. ನಾನು ಹಗ್ಗ ಎಳೆದೆ. ಗಾಡಿ ಒಂದೇ ಎಳೆತಕ್ಕೆ ಎದ್ದಿತು.

ಹೊರಟ ನೋಡಿ! ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಮರಳನ್ನು ರೆಕ್ಕೆಯ ಹಾಗೆ ಎರಡೂ ಕಡೆ ಎರಚಿಕೊಂಡು, ದೊಡ್ಡ ಸುತ್ತು ಹೊಡೆದ. ಅಂಗಿ ಬೆನ್ನ ಮೇಲೆ ಉಬ್ಬಿ ನಿಂತಿತ್ತು. ಏನೋ ಕೂಗುತ್ತಿದ್ದ, ನಮಗೆ ಕೇಳಿಸಲಿಲ್ಲ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು, "ನನ್ನ ಮದ್ವೆ ಆದಾಗ ಹಿಂಗೇ ಇತ್ತು ಈ ಮನುಷ್ಯ," ಅಂದರು. ಸವತಿಯ ಮಾತು ಮತ್ತೆ ಆಡಲಿಲ್ಲ.

ಎರಡನೇ ಸುತ್ತಿಗೆ ದೂರ ಹೋದ. ಅಷ್ಟರಲ್ಲಿ ಮರಳಿನ ನಡುವೆ, ಕಂಕುಳಲ್ಲಿ ಒಂದು ಗಂಟು ಇಟ್ಟುಕೊಂಡು ಹೊಳೆ ದಾಟಿ ಬರುತ್ತಿದ್ದ ಒಬ್ಬ ಅಜ್ಜಿ ಕಂಡಳು. ನಾನೂ ಅತ್ತಿಗೆಯೂ ಕೂಗಿಕೊಂಡೆವು. ಅವಳಿಗೆ ಮಾತ್ರ ಹೆದರಿಕೆಯೇ ಇಲ್ಲ. ಗಾಡಿ ಬರುವುದನ್ನು ನೋಡಿ, ನಿಂತು, ಒಂದು ಕೈ ಎತ್ತಿ ಅಡ್ಡ ಹಿಡಿದಳು.

ಜೀವಮಾನವೆಲ್ಲ ಬಸ್ಸು ಓಡಿಸಿದವನು. ಕಣ್ಣು ಮಂಜಾದರೇನು, ಎತ್ತಿದ ಕೈ ಕಂಡಿತು. ಅಣ್ಣನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಗಾಡಿ ಅಜ್ಜಿಯ ಪಕ್ಕದಲ್ಲಿ, ಬಾಗಿಲಿಗೆ ಸರಿಯಾಗಿ ನಿಲ್ಲಿಸಿದ ಬಸ್ಸಿನಂತೆ ನಿಂತಿತು. ಎಂಜಿನ್ನೂ ನಿಂತಿತು.

ನಾವು ಓಡಿಹೋಗುವಷ್ಟರಲ್ಲಿ ಅಜ್ಜಿ ಗಂಟು ಸಮೇತ ಹಿಂದೆ ಹತ್ತಿ ಕೂತಾಗಿತ್ತು. ನಾನು ಹಗ್ಗ ಎಳೆದೆ, ಅಣ್ಣ ಎಳೆದ, ಅತ್ತಿಗೆಯೂ ಎಳೆದರು. ಹಗ್ಗ ಕಿತ್ತು ಕೈಗೆ ಬಂತು. ಒಳಗೆ ಏನೋ ಕಟ್ ಅಂತ ಮುರಿದ ಶಬ್ದ ನಮಗೆಲ್ಲ ಕೇಳಿಸಿತು. ಅಣ್ಣ ಎಂಜಿನ್ ಮೇಲೆ ಅಂಗೈ ಇಟ್ಟ. ಅದು ಮತ್ತೆ ಏಳಲೇ ಇಲ್ಲ. ಎಷ್ಟು ಜನರಿಗೆ ತೋರಿಸಿದರೂ ಆಮೇಲೂ ಏಳಲಿಲ್ಲ.

"ಅಜ್ಜಿ, ಗಾಡಿ ಕೆಟ್ಟೋಯ್ತು, ಇಳೀರಿ," ಅಂದೆ.

"ನಾನ್ಯಾಕಿಳೀಲಿ? ತಳ್ರಪ್ಪ. ನಿಮ್ಮ ಬಸ್ಸುಗಳು ನಂಗೇನು ಹೊಸದಾ?"

ತಳ್ಳಿದೆವು. ನಾನು ಮತ್ತು ಅತ್ತಿಗೆ ಹಿಂದೆ, ಅಣ್ಣ ಹ್ಯಾಂಡಲ್ ಹಿಡಿದು ಮುಂದೆ, ಅಜ್ಜಿ ಮಹಾರಾಣಿಯ ಹಾಗೆ ಮೇಲೆ. ಅಣ್ಣನ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡು ಪಕ್ಕಕ್ಕೆ ಹೋಗಿ ನೋಡಿದರೆ ನಗುತ್ತಿದ್ದ. ಅಳುತ್ತಲೂ ಇದ್ದ.

ದಡ ಬಂತು. ಅಜ್ಜಿ ಇಳಿದು, ಸೀರೆ ಕೊಡವಿಕೊಂಡು, ಗಂಟನ್ನು ಕಂಕುಳಿಗೆ ಸೇರಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಕೇಳಿದಳು:

"ನಾಳೀಕೆ ಎಷ್ಟೊತ್ಗಪ್ಪ ಬರದು ಇದು?"

ನಾನು ಏನಾದರೂ ಹೇಳುವ ಮೊದಲೇ ಅಣ್ಣ ಕಣ್ಣೊರೆಸಿಕೊಂಡು, ಡ್ಯೂಟಿಯ ಗತ್ತಿನಲ್ಲಿ ಉತ್ತರ ಕೊಟ್ಟ:

"ಇದೇ ಟೈಮಿಗೆ ಕಣಜ್ಜಿ. ಒಸಿ ಮುಂಚೆ ಬಂದು ನಿಂತಿರು, ರಶ್ ಇರ್ತದೆ."