ಬರಲಿರುವ ಪೆಟ್ಟಿಗೆಯ ದಾರಿ ಕಾಯುತ್ತಾ

ಕೈಗೆ ಬಂದ ವಸ್ತುವಿಗಿಂತ ಬರಲಿರುವ ವಸ್ತುವಿಗೇ ರುಚಿ ಹೆಚ್ಚು. ಒಲೆಯ ಮೇಲೆ ಕುದಿಯುವ ಸಾರು ತಟ್ಟೆಗೆ ಬಿದ್ದ ಸಾರಿಗಿಂತ ಘಮಘಮಿಸುತ್ತದೆ. ಈ ತತ್ವವನ್ನು ನನ್ನಷ್ಟು ನಿಷ್ಠೆಯಿಂದ ಪಾಲಿಸಿದವರು ಹುಣಸೂರಿನಲ್ಲಿ ಇನ್ನೊಬ್ಬರಿಲ್ಲ. ಬೆಳಿಗ್ಗೆ ಎದ್ದು ಜನ ದೇವರ ಪಟ ನೋಡಿದರೆ, ನಾನು ಫೋನು ತೆರೆದು ಕಡಲಾಚೆಯ ಒಂದು ಆಟದ ಕಂಪನಿಯವರು ಮುಂದೆ ಏನೇನು ಹೊರತರಲಿದ್ದಾರೆ ಎಂದು ನೋಡುತ್ತೇನೆ. ವಿಚಿತ್ರ ಪ್ರಾಣಿಗಳ ದಪ್ಪ ಪುಸ್ತಕ, ಮುಳುಗಿದ ನಗರದ ನಕ್ಷೆಗಳು, ಹೆಬ್ಬೆರಳಿನಷ್ಟೇ ಎತ್ತರದ ರಾಕ್ಷಸರು. ಎಲ್ಲದರ ಕೆಳಗೂ ಒಂದೇ ಮಾತು: ಶೀಘ್ರದಲ್ಲಿ.

ಆಟ ಯಾವುದೆಂದು ಹೇಳಿಬಿಡುತ್ತೇನೆ. ಮೇಜಿನ ಸುತ್ತ ಕೂತು ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ, ಸರದಿಯ ಪ್ರಕಾರ, ತಾವೇನು ಮಾಡುತ್ತೇವೆಂದು ಹೇಳಬೇಕು. ಹೇಳಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನನ್ನ ಅತ್ತೆಗೆ ಇದನ್ನು ವಿವರಿಸಿದಾಗ ಅವರು ಪೂರ್ತಿ ಕೇಳಿ, "ಅಂದ್ರೆ ಸುಳ್ ಹೇಳಾದು, ಆಮೇಲೆ ಅದು ನಿಜ್ವಾ ಅಂತ ದಾಳ ಕೇಳಾದು" ಎಂದರು. ಇಷ್ಟು ಚೊಕ್ಕಟವಾಗಿ ಕಂಪನಿಯವರೂ ಬರೆದಿಲ್ಲ.

ನಾವು ಮೂವರು. ಕಥೆ ನಡೆಸುವವಳು ನನ್ನ ಹೆಂಡತಿ ಶೈಲಜಾ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಅವಳಿಗೆ ಮಕ್ಕಳನ್ನು ಹೆದರಿಸಿ ಅಭ್ಯಾಸವಿದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ಆಟದಲ್ಲಿ ಎರಡು ಕೈಯಲ್ಲೂ ಕೊಡಲಿ ಹಿಡಿದ ಮಹಾವೀರ. ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ ಕುಮಾರ. ಕಾಡಂಚಿನ ಊರಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಾನೆ, ಆಟದಲ್ಲಿ ಮಂತ್ರವಾದಿ. ಸೊಪ್ಪು ಬೇಯಿಸುವ ಕಾಲ ಮುಗಿದ ಮೇಲೆ ಅವನ ಬ್ಯಾರನ್, ಅಂದರೆ ಸೊಪ್ಪನ್ನು ಬಿಸಿಗೆ ಹದ ಮಾಡುವ ಮನೆ, ಖಾಲಿ ಬಿದ್ದಿರುತ್ತದೆ. ಅದರ ಮುಂದಿನ ಶೀಟಿನ ನೆರಳಿನಲ್ಲಿ ಪ್ರತಿ ಭಾನುವಾರ ನಮ್ಮ ಆಟ. ಗೋಡೆಯಿಂದ ಇನ್ನೂ ಹೋಗದ ಸೊಪ್ಪಿನ ವಾಸನೆ, ಕುಮಾರನ ಹೆಂಡತಿ ಮಣಿ ಕಳಿಸುವ ಹುರಿಗಡಲೆ, ಹಿತ್ತಲಿನ ಹಲಸಿನ ಮರ. ಅಲ್ಲಿ ಕೂತು ನಾನು ಎಷ್ಟು ರಾಜ್ಯಗಳನ್ನು ಉಳಿಸಿದ್ದೇನೋ ಲೆಕ್ಕವಿಲ್ಲ. ವಾರದ ಉಳಿದ ದಿನಗಳೆಲ್ಲ ಆ ಒಂದು ಮಧ್ಯಾಹ್ನಕ್ಕೆ ದಾರಿಯಾಗಿದ್ದವು.

ಹೋದ ಬೇಸಿಗೆಯ ಒಂದು ಭಾನುವಾರ, ಇಳಿಹೊತ್ತು. ಶೈಲಜಾ ಪುಸ್ತಕದಲ್ಲಿ ತಲೆ ಹುದುಗಿಸಿ ಗುಹೆಯೊಂದನ್ನು ವರ್ಣಿಸುತ್ತಿದ್ದಳು. "ಒಳಗಿಂದ ಒಂದು ಬಿಸಿ ಉಸಿರು ಬರುತ್ತೆ" ಎಂದಳು. ಬಂತು. ತಲೆಯೆತ್ತಿದರೆ ಹಲಸಿನ ಮರದ ಕೆಳಗೆ ಒಂಟಿಸಲಗ. ಅದು ಯಾವಾಗ ಬಂತು, ಅಷ್ಟು ದೊಡ್ಡ ದೇಹ ಒಂದು ತರಗೆಲೆಯೂ ಸದ್ದಾಗದಂತೆ ಹೇಗೆ ನಡೆಯಿತು ಎಂದು ಇವತ್ತಿಗೂ ಯೋಚಿಸುತ್ತೇನೆ. ಪುಸ್ತಕದಿಂದ ಕಣ್ಣೆತ್ತದ ಶೈಲಜಾ ಎಂದಿನಂತೆ ಕೇಳಿದಳು: "ಈಗ ಏನು ಮಾಡ್ತೀರಾ?"

ಬುದ್ಧಿಯಿದ್ದವರು ಬ್ಯಾರನ್ನಿನೊಳಗೆ ನುಗ್ಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾವು ವರ್ಷಗಟ್ಟಲೆ ನಿಯಮ ಪಾಲಿಸಿದವರು. ಸರದಿ ಕುಮಾರನದು. ಅವನದು ಮುಗಿಯದೆ ನಾನು ಏನೂ ಮಾಡುವಂತಿಲ್ಲ. ನಂಬಿ, ನಾನು ನನ್ನ ಸರದಿಗಾಗಿ ಕಾದೆ. ಕೈಯಲ್ಲಿ ಕೊಡಲಿ ಇರಲಿಲ್ಲ; ಕೊಡಲಿಯ ವಿವರ ಬರೆದ ರಟ್ಟು ಇತ್ತು. ಅದನ್ನು ಎದೆಗೆ ಅಡ್ಡ ಹಿಡಿದಿದ್ದೆ. ನೀರಿಗೆಂದು ತೊಟ್ಟಿಯ ಹತ್ತಿರ ಹೋಗಿದ್ದ ಕುಮಾರ ಆನೆಗೂ ನಮಗೂ ನಡುವೆ, ಬಯಲಿನಲ್ಲಿ ನಿಂತಿದ್ದ. ಅವನೂ ಅಭ್ಯಾಸ ಬಿಡಲಿಲ್ಲ. ಮುಷ್ಟಿಯಲ್ಲಿದ್ದ ದಾಳವನ್ನು ಎರಡು ಸಲ ಕುಲುಕಿ ನೆಲಕ್ಕೆ ಎಸೆದ.

ದಾಳ ಉರುಳುತ್ತಾ ಆನೆಯ ಕಾಲ ಬಳಿ ನಿಂತಿತು. ಆನೆ ಸೊಂಡಿಲಿಳಿಸಿ ಅದನ್ನು ಮೂಸಿತು. ಕುಮಾರನನ್ನು ನೋಡಿತು. ಆಮೇಲೆ ದಾಳದ ಮೇಲೆ ಕಾಲಿಟ್ಟು, ಒಂದು ಹಲಸಿನ ಕಾಯಿ ಕಿತ್ತುಕೊಂಡು, ಬಂದಷ್ಟೇ ಮೌನವಾಗಿ ಕೆರೆಯ ಏರಿ ದಾಟಿ ಹೋಯಿತು. ಎಷ್ಟೋ ಹೊತ್ತಿನ ಮೇಲೆ ಕುಮಾರ ತಿರುಗಿ, "ಎಷ್ಟ್ ಬಿದ್ದಿತ್ತು ಮೇಷ್ಟ್ರೇ? ನೋಡುದ್ರಾ?" ಎಂದ. ನಾನು ಎಲ್ಲವನ್ನೂ ನೋಡಿದ್ದೆ, ದಾಳದ ಸಂಖ್ಯೆಯೊಂದನ್ನು ಬಿಟ್ಟು.

ಅವತ್ತಿನಿಂದ ಕುಮಾರ ಆಟ ಬಿಟ್ಟ. ಅವನ ವಾದ ಸರಳ. "ನನ್ ಹಣೇಲಿ ಬರ್ದಿದ್ದ ಅದೃಷ್ಟನೆಲ್ಲ ಆ ಒಂದ್ ಸಲಕ್ಕೇ ಎಸ್ದ್ಬುಟ್ಟೆ ಕಣ್ರಿ. ಇನ್ ದಾಳ ಮುಟ್ಟಾಕಿಲ್ಲ."

ನಾನು ಅವನನ್ನು ಬೈಯಲಿಲ್ಲ. ಮಿಕ್ಸಿ ತಿರುಗಿದರೆ, ಟಿಪ್ಪರ್ ಲಾರಿ ಉಸಿರು ಬಿಟ್ಟರೆ, ನಾನೂ ಮನಸ್ಸಿನಲ್ಲಿ ಆ ಶೀಟಿನ ಕೆಳಗೇ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಕುಮಾರ ಬಯಲಿನಲ್ಲಿ, ಆನೆ ಮರದ ಕೆಳಗೆ, ನಾನು ರಟ್ಟು ಹಿಡಿದು ಸರದಿಗೆ ಕಾಯುತ್ತಾ. ಪಾಠದ ನಡುವೆ ಸುಮ್ಮನಾಗುತ್ತಿದ್ದೆ. ವಿದ್ಯಾರ್ಥಿಗಳು ಅದನ್ನು ಆಳವಾದ ಚಿಂತನೆ ಎಂದುಕೊಂಡರು. ಆದರೆ ಆಟವಿಲ್ಲದ ಭಾನುವಾರ ಬಹಳ ಉದ್ದ. ಊಟವಾದ ಮೇಲೆ ಸ್ಕೂಟರ್ ಒರೆಸುತ್ತಿದ್ದೆ. ಎಲ್ಲಿಗೂ ಹೋಗುತ್ತಿರಲಿಲ್ಲ.

ಆಗಲೇ ಕಂಪನಿಯವರ ಆ ಪ್ರಕಟಣೆ ಬಂತು. ದಾಳವೇ ಇಲ್ಲದೆ, ಇಸ್ಪೀಟಿನಂಥ ಎಲೆಗಳನ್ನು ಎತ್ತಿ ಆಡುವ ಹೊಸ ಪೆಟ್ಟಿಗೆ. ಶೀಘ್ರದಲ್ಲಿ. ಕೂಡಲೇ ಕುಮಾರನಿಗೆ ಫೋನು ಮಾಡಿದೆ. "ಬರ್ಲಿ ಮೇಷ್ಟ್ರೇ, ನೋಡಾಣ" ಎಂದ. ನನಗೆ ಅಷ್ಟೇ ಸಾಕಾಗಿತ್ತು. ಮಳೆಗಾಲದಲ್ಲಿ ಬರುತ್ತದೆ ಎಂದರು, ಬರಲಿಲ್ಲ. ಸೊಪ್ಪು ಬೇಯಿಸಿ ಮುಗಿಯಿತು, ಬರಲಿಲ್ಲ. ಮುಚ್ಚಳದ ಚಿತ್ರ ತೋರಿಸಿದರು, ಒಳಗಿನ ಎಲೆಯೊಂದನ್ನು ತೋರಿಸಿದರು. ಮದುವೆಗೆ ಮುಂಚೆ ಶೈಲಜಾಳ ಫೋಟೋವನ್ನೂ ನಾನು ಇಷ್ಟು ಸಲ ನೋಡಿರಲಿಲ್ಲ. ಇದನ್ನು ಅವಳೇ ಹೇಳಿದಳು.

ಕಳೆದ ತಿಂಗಳು ಕುಮಾರನೇ ಫೋನು ಮಾಡಿದ. ಕೆ.ಆರ್. ನಗರದಲ್ಲಿ ಮಾವನ ಮನೆಗೆ ಹೋಗಿದ್ದನಂತೆ. ಹೆಂಗಸರು ಚೌಕಾಬಾರಕ್ಕೆ ಎಳೆದು ಕೂರಿಸಿದರಂತೆ. "ಕವಡೆ ಮುಟ್ಟದ್ ಬ್ಯಾಡ ಅಂದ್ಕೊಂಡಿದ್ದೆ. ಬುಡ್ಲಿಲ್ಲ. ಒಂದ್ ಆಟಾನೂ ಗೆಲ್ಲಿಲ್ಲ ಕಣ್ರಿ" ಎಂದ, ಬಹಳ ಸಂತೋಷದಿಂದ.

"ಅದಕ್ಕೆ ಖುಷಿ ಯಾಕೋ?"

"ನಾನ್ ಯಾವತ್ತ್ ಗೆದ್ದಿದ್ದೆ ಮೇಷ್ಟ್ರೇ? ಮೊದ್ಲು ಸೋಲ್ತಿದ್ದೆ, ಈಗ್ಲೂ ಸೋಲ್ತೀನಿ. ಅದೃಷ್ಟ ಎಲ್ಲಿತ್ತೋ ಅಲ್ಲೇ ಐತೆ. ಭಾನ್ವಾರ ಬನ್ನಿ. ಹಳೇ ದಾಳದಲ್ಲೇ ಆಡಾಣ."

ಇದೇ ಮಾತಿಗಾಗಿ ಒಂದು ವರ್ಷ ಬಾಯಿ ಬಿಟ್ಟುಕೊಂಡು ಕೂತಿದ್ದವನು ನಾನು. ನನ್ನ ಬಾಯಿಂದ ಬಂದದ್ದು ಬೇರೆ. "ಇಷ್ಟು ದಿನ ಕಾದಿದೀವಿ, ಹೊಸ ಪೆಟ್ಟಿಗೆ ಬರಲಿ ಬಿಡು."

"ದಾಳಕ್ಕೆ ಎದರಿದ್ದು ನಾನು. ನೀವ್ಯಾಕೆ ಪೆಟ್ಗೆ ಕಾಯ್ತೀರಿ?"

"ನೀನೇ ಇಲ್ಲಿಗೆ ಬಾ, ನಮ್ಮ ಮನೇಲೇ ಆಡೋಣ."

"ಸಸಿ ಮಡಿಗೆ ನೀರ್ ಬುಡ್ಬೇಕು, ಇಲ್ಲಿಂದ ಅಲ್ಲಾಡಂಗಿಲ್ಲ. ಈಗ ಕಾಡಂಚ್ಗೆ ರೈಲ್ ಕಂಬಿ ಬೇಲಿ ಆಕವ್ರೆ ಮೇಷ್ಟ್ರೇ, ಬನ್ನಿ" ಎಂದ. ಮೆತ್ತಗೆ, ಮಗುವಿಗೆ ಹೇಳುವ ಹಾಗೆ.

ಭಾನುವಾರ ಶೈಲಜಾ ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ಹೊರಟಳು. "ನೀವು ಬರಲ್ವೇನ್ರೀ?" ಎಂದು ಒಂದೇ ಸಲ ಕೇಳಿದಳು. ನಾನು ಉತ್ತರಪತ್ರಿಕೆಗಳ ಕಟ್ಟಿನ ಕಡೆ ಕೈ ತೋರಿಸಿದೆ. ಸಂಜೆ ಬಂದವಳ ಸೀರೆಯಲ್ಲಿ ಹೊಗೆಸೊಪ್ಪಿನ ವಾಸನೆ. ನನ್ನ ಕೊಡಲಿಯವನ ಪಾತ್ರವನ್ನು ಮಣಿ ಆಡಿದಳಂತೆ. ಗುಹೆಯೊಳಗಿನದನ್ನು ಎರಡೇ ಏಟಿಗೆ ಕೆಡವಿದಳಂತೆ. ನಾನು ಕೇಳಿದ ಮೊದಲ ಪ್ರಶ್ನೆ, "ಆನೆ ಬಂದಿತ್ತಾ?"

"ಇಲ್ಲ. ಎಲ್ಲರೂ ನಿಮ್ಮನ್ನ ಕೇಳಿದ್ರು" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಮೊನ್ನೆ ಬೆಳಿಗ್ಗೆ ಕಂಪನಿಯವರ ಇನ್ನೊಂದು ಪ್ರಕಟಣೆ. ಪೆಟ್ಟಿಗೆ ಮತ್ತೆ ಮುಂದಕ್ಕೆ ಹೋಗಿದೆ. ಈ ಸಲ ತಿಂಗಳೂ ಹೇಳಿಲ್ಲ. ಓದಿ, ಹಾಯಾಗಿ ಎರಡು ಲೋಟ ಕಾಫಿ ಕುಡಿದೆ. ಕೊನೆಯ ಸಾಲಿನಲ್ಲಿ, ನನ್ನಂಥವರ ತಾಳ್ಮೆಗೆ ಅವರು ಹೃತ್ಪೂರ್ವಕವಾಗಿ ಕೃತಜ್ಞತೆ ಸಲ್ಲಿಸಿದ್ದಾರೆ. ನನ್ನ ಪುಕ್ಕಲುತನಕ್ಕೆ ಇಷ್ಟು ಮರ್ಯಾದೆಯ ಹೆಸರನ್ನು ಈವರೆಗೆ ಯಾರೂ ಇಟ್ಟಿರಲಿಲ್ಲ.