ನಡುದೂರದಲ್ಲಿ ನಾನು

ಎಂಟುನೂರು ಮೀಟರ್ ಓಟ ಕಷ್ಟವೇನಲ್ಲ ಎಂದು ನಾನು ತೀರ್ಮಾನಿಸಿದ್ದು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ. ತೊಂಬತ್ತರ ದಶಕದ ಮಾತು. ಕತಾರಿನಲ್ಲಿದ್ದ ನಾವು ಕನ್ನಡಿಗರು ಸೇರಿ ಒಂದು ಶುಕ್ರವಾರ ಕ್ರೀಡಾಕೂಟ ಇಟ್ಟುಕೊಂಡಿದ್ದೆವು. ನೂರು ಮೀಟರಿಗೆ ಹುಡುಗರು ಮುಗಿಬಿದ್ದರು. ಐದು ಸಾವಿರಕ್ಕೆ ಯಾರೂ ಬರಲಿಲ್ಲ. ನಡುವಿನದು ನನ್ನಂಥ ನಲವತ್ತು ದಾಟಿದ, ತೂಕವುಳ್ಳ ಸಜ್ಜನರಿಗೆಂದೇ ಇಟ್ಟಿದ್ದಾರೆ ಎಂದುಕೊಂಡು ಹೆಸರು ಕೊಟ್ಟೆ.

ನನ್ನ ಹೆಂಡತಿ ಗಿರಿಜಾ ಅದೇ ದಿನದ ಚಿತ್ರಸ್ಪರ್ಧೆಗೆ ಹೆಸರು ಕೊಟ್ಟಳು. ಮೈದಾನದಲ್ಲೇ ಕೂತು ಕಂಡದ್ದನ್ನು ಬರೆಯಬೇಕು. ಗದಗಿನಲ್ಲಿ ಚಿತ್ರಕಲೆ ಕಲಿತಿದ್ದವಳು, ಮದುವೆಯಾಗಿ ಕತಾರಿನ ಅಲ್ ಮನ್ಸೂರಾ ಬಡಾವಣೆಯ ಎರಡು ಕೋಣೆಯ ಮನೆಗೆ ಬಂದ ಮೇಲೆ ಎಂಟು ವರ್ಷ ಕುಂಚ ಮುಟ್ಟಿರಲಿಲ್ಲ. ಈಗ ದಿನಾ ಸಂಜೆ ಬರೆಯುವಳು, ಹರಿದು ಹಾಕುವಳು.

"ಈ ಊರಾಗ ನಡುವ ಏನೂ ಇಲ್ರಿ," ಎಂದಳು. "ಮುಂದ ಉಸುಕು, ಹಿಂದ ಆಕಾಶ. ನಡುದೂರದಾಗ ಏನರ ಒಂದು ನಿಂತಿದ್ರ ಕಣ್ಣು ಅದನ್ನ ಹಿಡಕೊಂಡು ಮುಂದ ಹೋಗತೈತಿ. ಇಲ್ಲಂದ್ರ ಚಿತ್ರ ಬರೇ ಎರಡು ಪಟ್ಟಿ."

"ನಾ ಓಡಾಕತ್ತಿರ್ತೀನಲ್ಲ, ನನ್ನ ಬರಿ."

"ನೀವು ನಿಂದ್ರಂಗಿಲ್ಲಲ್ರಿ."

ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ!

ಪಕ್ಕದ ಮನೆಯ ಸದಾನಂದಣ್ಣ ನನ್ನ ತರಬೇತುದಾರರಾದರು. ಉಡುಪಿ ಕಡೆಯವರು. ಅವರ ಬಳಿ ಕಾರಿತ್ತು, ಸೆಕೆಂಡು ತೋರಿಸುವ ಗಡಿಯಾರವಿತ್ತು. ತರಬೇತುದಾರನಿಗೆ ಬೇರೇನು ಬೇಕು? ನಾನು ರಸ್ತೆಯ ಬದಿಯಲ್ಲಿ ಓಡುವುದು, ಅವರು ಕಾರಿನಲ್ಲಿ ಹಿಂಬಾಲಿಸುವುದು. ಸಂಜೆಯಾದರೂ ಸೆಕೆ ವಿಪರೀತ. ಇನ್ನೂರು ಮೀಟರಿಗೇ ನನಗೆ ಕಣ್ಣು ಕತ್ತಲೆ ಬಂತು.

"ಎಂತ ಮಾರಾಯ್ರೆ, ಹೀಗೆ ಓಡಿದ್ರೆ ಸಾಯ್ತೀರಿ. ಒಳಗೆ ಕೂತ್ಕೊಳ್ಳಿ, ಎಸಿ ಉಂಟು."

ಐದು ನಿಮಿಷ ಎಸಿಯಲ್ಲಿ ಕೂತು, ತಣ್ಣನೆಯ ಮಜ್ಜಿಗೆ ಕುಡಿದು, ಮತ್ತೆ ಇನ್ನೂರು. ಹೀಗೆ ನಾಲ್ಕು ಕಂತು. ಸದಾನಂದಣ್ಣ ಓಡಿದ ಹೊತ್ತನ್ನಷ್ಟೇ ಕೂಡಿಸಿ, "ಎರಡೂಮುಕ್ಕಾಲು ನಿಮಿಷ. ಖಲಾಸ್, ಕಪ್ ನಿಮ್ಮದೇ," ಎಂದರು. ಈ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಅನುಮಾನ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ. ತಿಂಗಳು ಪೂರ್ತಿ ಇದೇ ಶಾಸ್ತ್ರೋಕ್ತ ಅಭ್ಯಾಸ ನಡೆಯಿತು.

ಆ ಶುಕ್ರವಾರ ಬಂತು. ಊರಂಚಿನ ಮುಐದರ್ ಆಚೆಯ ಬಯಲಿನಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ನಾವು ಎರಡು ಸುತ್ತು ಓಡಬೇಕು. ಗಿರಿಜಾ ಒಂದು ಬದಿಯಲ್ಲಿ ರಟ್ಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೀಟಿ ಊದಿದರು. ಮೊದಲ ಇನ್ನೂರು ಮೀಟರ್ ನಾನೇ ಮುಂದೆ. ಎಷ್ಟು ಮುಂದೆ ಎಂದರೆ ಹಿಂದಿನವರು ನಗುತ್ತಿದ್ದದ್ದೂ ಕೇಳಿಸಲಿಲ್ಲ. ಆಮೇಲೆ, ಮೈದಾನದ ಆಚೆ ಮಗ್ಗುಲಲ್ಲಿ, ಸರಿಯಾಗಿ ಇನ್ನೂರಕ್ಕೆ ನನ್ನ ಕಾಲು ನಿಂತವು. ಅವು ಕಾರಿಗೆ ಕಾಯುತ್ತಿದ್ದವು!

ಉಳಿದವರು ನನ್ನನ್ನು ದಾಟಿ ಹೋದರು. ಒಂದು ಸುತ್ತು ಹಾಕಿ ಬಂದು ಮತ್ತೊಮ್ಮೆ ದಾಟಿದರು. ನಾನು ಮೊಣಕಾಲಿಗೆ ಕೈಯೂರಿ, ತಲೆ ತಗ್ಗಿಸಿ ಏದುಸಿರು ಬಿಡುತ್ತಿದ್ದೆ. ಅಭ್ಯಾಸಬಲದಿಂದ ಸದಾನಂದಣ್ಣನೂ ಕಾರನ್ನು ಮೈದಾನದೊಳಗೇ ತಂದು ನಿಲ್ಲಿಸಿದರು. "ಯಲ್ಲಾ, ಹತ್ತಿ," ಎಂದು ಅರಬ್ಬಿಯಲ್ಲೇ ಅವಸರಿಸಿದರು.

ಆಗ ಆ ಬದಿಯಿಂದ ಗಿರಿಜಾಳ ಕೂಗು ಕೇಳಿತು. "ಕಾರ್ ತಗೀರಿ ಅಣ್ಣಾರ, ಅಡ್ಡ ಆಗತೈತಿ. ಏನ್ರೀ, ನೀವು ಅಲ್ಲೇ ಇರ್ರಿ. ಅಳ್ಳಾಡಬ್ಯಾಡ್ರಿ."

ನಾನು ಅಳ್ಳಾಡಲಿಲ್ಲ. ಸೋತ ನಾಚಿಕೆ ಇತ್ತು, ನಿಜ. ಆದರೆ ಎಂಟು ವರ್ಷದಿಂದ ಕೇಳದಿದ್ದ ಹುರುಪು ಅವಳ ದನಿಯಲ್ಲಿತ್ತು. ಅರ್ಧ ಗಂಟೆ ಬಗ್ಗಿಯೇ ಇದ್ದೆ. ನೂರು ಮೀಟರಿಗೆ ಬುದ್ಧಿ ಬೇಡ, ಐದು ಸಾವಿರಕ್ಕೆ ಅವಸರ ಬೇಡ, ನಡುದೂರಕ್ಕೆ ಮಾತ್ರ ಎಷ್ಟು ಕೊಡಬೇಕು, ಎಷ್ಟು ಉಳಿಸಬೇಕು ಎಂಬ ಹದ ಬೇಕು ಎಂಬ ಜ್ಞಾನೋದಯವೂ ಆ ಹೊತ್ತಿನಲ್ಲೇ ಆಯಿತು. ಮಹಿಳೆಯರ ನಿಂಬೆಹಣ್ಣು-ಚಮಚದ ಓಟ ನನ್ನನ್ನು ಬಳಸಿಕೊಂಡು ಹೋಯಿತು. ಯಾರೋ ಪುಣ್ಯಾತ್ಮರು ನೀರು ತಂದರು. ಕೈ ಎತ್ತಿದರೆ ಚಿತ್ರ ಕೆಡುತ್ತದೆಂದು ಬೇಡವೆಂದೆ.

ತೀರ್ಪುಗಾರರು ಮೈಸೂರಿನ ಕಡೆಯ ಒಬ್ಬ ಚಿತ್ರಕಲಾ ಮೇಷ್ಟ್ರು. ಗಿರಿಜಾಳ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಇದಕ್ಕೇ ಮೊದಲ ಬಹುಮಾನ. ನಡುವೆ ಆ ಮುಳ್ಳುಗಿಡ ನೋಡಿ, ಎಷ್ಟು ಚೆನ್ನಾಗಿ ಕೂತಿದೆ. ಇಡೀ ಬಯಲಿಗೆ ಆಳ ಬಂದುಬಿಟ್ಟಿದೆ."

"ಅದು ಗಿಡ ಅಲ್ರಿ ಸರ್," ಗಿರಿಜಾ ಮೆಲ್ಲಗೆ ಹೇಳಿದಳು. "ಮನಷ್ಯಾ."

ಮೇಷ್ಟ್ರ ಮುಖ ಸಪ್ಪಗಾಯಿತು. "ಮನುಷ್ಯ ಆದ್ರೆ ಕತ್ತು ಎಲ್ಲಮ್ಮ? ಇಷ್ಟು ಅಗಲದ ಸೊಂಟ ಯಾರಿಗಿರತ್ತೆ? ಅಂಗರಚನೇನೇ ತಪ್ಪು. ಹಾಗಾದ್ರೆ ಬಹುಮಾನ ಕೊಡಕ್ಕಾಗಲ್ಲ."

ಸಾಕ್ಷಿ ಪಕ್ಕದಲ್ಲೇ ನಿಂತಿದ್ದ. ತಿರುಗಿಸಿ ತೋರಿಸಿದ್ದರೆ ವಾದ ಗೆಲ್ಲುತ್ತಿತ್ತು. ಆದರೆ ನಾಲ್ಕು ಜನರೆದುರು ಗಂಡನ ಸೊಂಟ ತೋರಿಸುವವಳಲ್ಲ ಅವಳು. ಅವಳ ಕಣ್ಣು ತುಂಬಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಗಿಡಾನ ಅದು, ಸರ್," ಎಂದೆ. "ನಾ ಅಲ್ಲೇ ಇದ್ದೆ. ಅಕಿಗೆ ಇಲ್ಲಿಂದ ಸರಿ ಕಂಡಿಲ್ಲ."

"ಹಾಗೆ ಹೇಳಿ ಮತ್ತೆ," ಎಂದು ಮೇಷ್ಟ್ರು ಚಿತ್ರಕ್ಕೆ ಕೆಂಪು ರಿಬ್ಬನ್ ಅಂಟಿಸಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಗಿರಿಜಾ ನನ್ನ ಕೈ ಬಿಡಲಿಲ್ಲ. ಚಿತ್ರ ಈಗಲೂ ನಮ್ಮ ಗೋಡೆಯ ಮೇಲಿದೆ. ಬಂದವರೆಲ್ಲ ಆ ಗಿಡವನ್ನು ಮೆಚ್ಚಿ ಮಾತಾಡುತ್ತಾರೆ. ಬಡಕಲು ಗಿಡ ಎಂದು ಮಾತ್ರ ಇದುವರೆಗೆ ಒಬ್ಬರೂ ಅಂದಿಲ್ಲ.