ಬುಧವಾರದ ಓದುಗ

ಆ ದಿನ ಬೆಳಿಗ್ಗೆ ಮನೆಯಲ್ಲಿ ಬ್ಲೇಡು ಮುಗಿದಿತ್ತು. ಅದೊಂದು ಮುಗಿಯದೆ ಇದ್ದಿದ್ದರೆ ಭಾವ ಕ್ಷೌರದಂಗಡಿಗೆ ಹೋಗುತ್ತಿರಲಿಲ್ಲ, ಅಲ್ಲಿ ಬಾಯಿ ಬಿಡುತ್ತಲೂ ಇರಲಿಲ್ಲ.

ಅವನನ್ನು ಭಾವ ಎಂದು ಕರೆಯುತ್ತಿದ್ದುದು ಹೆಂಡತಿಯ ತಮ್ಮಂದಿರಲ್ಲ. ಅವಳಿಗೆ ತಮ್ಮಂದಿರೇ ಇರಲಿಲ್ಲ. ವಾರಪತ್ರಿಕೆಯೊಂದು ಮನೆಯಿಂದ ಮನೆಗೆ ಕೈ ಬದಲಾಯಿಸುತ್ತಾ, ಕೊನೆಯ ಮನೆ ಸೇರುವಷ್ಟರಲ್ಲಿ ಹಳೆಯ ಬಟ್ಟೆಯಷ್ಟು ಮೆತ್ತಗಾಗುತ್ತಿದ್ದ ಕಾಲ ಅದು. ಶುಕ್ರವಾರದ ಪತ್ರಿಕೆಯಲ್ಲಿ ಅವನ ಹೆಂಡತಿಯ ಧಾರಾವಾಹಿ ಬರುತ್ತಿತ್ತು. ಆ ಸಂಜೆ ಬೀದಿಯ ಒಲೆಗಳೆಲ್ಲ ತಡವಾಗಿ ಹೊತ್ತಿಕೊಳ್ಳುತ್ತಿದ್ದವು. ಯಾರೋ ಒಬ್ಬರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುವರು, ಉಳಿದವರು ಕೇಳುವರು. ಓದು ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಅಂಥ ಮೌನ ಈಗ ಯಾವ ಬೀದಿಯಲ್ಲೂ ಸಿಗುವುದಿಲ್ಲ. ಅವಳು ಊರಿಗೆಲ್ಲ ಅಕ್ಕ. ಆದ್ದರಿಂದ ಅವನು ಊರಿಗೆಲ್ಲ ಭಾವ. ಅವನಿಗಿಂತ ಎಷ್ಟೋ ಹಿರಿಯರಾದ ಆಫೀಸಿನ ಮ್ಯಾನೇಜರು ಕೂಡ "ಭಾವ, ಆ ಫೈಲು ತನ್ನಿ" ಅನ್ನುತ್ತಿದ್ದರು.

ಇಂಥ ಭಾವ ಹೆಂಡತಿಯ ಬರಹವನ್ನು ಓದುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳ ಮೊದಲ ಕಾದಂಬರಿ ಹಿಡಿದಿದ್ದ. ಎರಡನೇ ಅಧ್ಯಾಯಕ್ಕೇ ನಾಯಕಿಯ ಗಂಡ ಸತ್ತ. ಸತ್ತವನು ಇವನ ಹಾಗೇ ಗೊರಕೆ ಹೊಡೆಯುತ್ತಿದ್ದ. ಭಾವ ಪುಸ್ತಕ ಮುಚ್ಚಿ "ಚೆನ್ನಾಗಿದೆ" ಎಂದ. ಅಂದಿನಿಂದ ಪ್ರತಿ ಶುಕ್ರವಾರ ಅದನ್ನೇ ಹೇಳಿಕೊಂಡು ಬಂದಿದ್ದ. ಅವಳು "ಹೌದಾ?" ಎಂದು ಸುಮ್ಮನಾಗುತ್ತಿದ್ದಳು.

ಅದಕ್ಕಿಂತ ದೊಡ್ಡ ಗುಟ್ಟು ಇನ್ನೊಂದಿತ್ತು. ಬುಧವಾರ ಬರುತ್ತಿದ್ದ ಎದುರಾಳಿ ಪತ್ರಿಕೆಯನ್ನು ಅವನು ಕದ್ದು ಓದುತ್ತಿದ್ದ. ಅದರಲ್ಲಿ 'ಅನಾಮಿಕ' ಎಂಬ ಯಾರೋ ಬರೆಯುತ್ತಿದ್ದ ಧಾರಾವಾಹಿ. ರೈಲು ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ಯಾರೂ ಬಿಡಿಸಿಕೊಳ್ಳದ ಒಂದು ಟ್ರಂಕು. ಅದರ ಮೇಲೆ ಒಬ್ಬ ಹೆಂಗಸಿನ ಹೆಸರು. ಅವಳು ಬಂದಾಳೆಂದು ಅಲ್ಲಿನ ಗುಮಾಸ್ತ ದಿನಾ ಟ್ರಂಕಿನ ದೂಳು ಒರೆಸುತ್ತಾನೆ. ಕತೆ ಅಷ್ಟೇ. ಆ ಗುಮಾಸ್ತ ಕೋಟಿನ ಗುಂಡಿ ತಪ್ಪು ಹಾಕಿಕೊಂಡು ದಿನವಿಡೀ ಓರೆಯಾಗಿ ಓಡಾಡುತ್ತಿದ್ದ, ಥೇಟ್ ಭಾವನ ಹಾಗೆ. 'ಈ ಪುಣ್ಯಾತ್ಮ ನನ್ನಂಥವನನ್ನ ಎಲ್ಲೋ ನೋಡಿದಾನೆ' ಎಂದುಕೊಳ್ಳುತ್ತಾ, ಊಟದ ಬಿಡುವಿನಲ್ಲಿ ಹಳೆ ಫೈಲುಗಳ ಕೋಣೆಯಲ್ಲಿ ಓದಿ, ಪತ್ರಿಕೆಯನ್ನು ಬೀರುವಿನ ಹಿಂದೆ ತುರುಕುತ್ತಿದ್ದ.

ಕ್ಷೌರಿಕ ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಕತ್ತಿಯನ್ನು ಗಂಟಲ ಮೇಲಿಟ್ಟು ನಿಂತ.

"ಭಾವ, ಅಕ್ಕನ ಕತೆಯ ಆ ನರ್ಸಮ್ಮ ಗಂಡನ ಮನೆಗೆ ವಾಪಸ್ ಹೋಗ್ತಾಳೋ ಇಲ್ವೋ?"

"ನಂಗೇನಪ್ಪ ಗೊತ್ತು."

"ನಿಮಗೆ ಗೊತ್ತಿಲ್ದೆ ಇನ್ಯಾರಿಗೆ? ನನ್ ಹೆಂಡ್ತಿ ಶುಕ್ರವಾರದಿಂದ ಮುಖ ಕೊಟ್ಟು ಮಾತಾಡಿಲ್ಲ. 'ಗಂಡಸರೆಲ್ಲ ಒಂದೇ' ಅಂತಾಳೆ. ಅವನ್ಯಾರೋ ಹೆಂಡ್ತೀನ ಹೊರಗೆ ಹಾಕಿದ್ದಕ್ಕೆ ನನಗೆ ಸಾರಿಲ್ಲದ ಅನ್ನ."

"ಬಿಡೋ ಮಾರಾಯ," ಬೆಂಚಿನ ಮೇಲೆ ಕೂತಿದ್ದ ದರ್ಜಿ ಅಂದ. "ಭಾವ ಓದಿದ್ರೆ ತಾನೇ ಹೇಳೋದು."

ಆ ಮಾತು ಕತ್ತಿಗಿಂತ ಹರಿತವಾಗಿ ತಾಗಿತು. "ಓದದೆ ಏನು? ಕೇಳಿಲ್ಲಿ," ಎಂದ ಭಾವ. ಹೇಳಲು ಅವನಿಗೆ ಗೊತ್ತಿದ್ದುದು ಒಂದೇ ಕತೆ. "ಅವಳು ಊರು ಬಿಟ್ಟು ಹೋಗ್ತಾಳೆ. ಅವಳ ಟ್ರಂಕು ಪಾರ್ಸೆಲ್ ಆಫೀಸಲ್ಲಿ ಉಳಿದುಬಿಡುತ್ತೆ. ಅಲ್ಲೊಬ್ಬ ಗುಮಾಸ್ತ. ಪಾಪ, ಒಳ್ಳೆಯವನು. ದಿನಾ ಅದರ ದೂಳು ಒರೆಸ್ತಾ ಅವಳಿಗಾಗಿ ಕಾಯ್ತಾನೆ."

ಕ್ಷೌರಿಕ ಕತ್ತಿ ಕೆಳಗಿಟ್ಟು ಕಣ್ಣೊರೆಸಿಕೊಂಡ. ಕೈಯ ಸೋಪು ಕಣ್ಣಿಗೆ ಹೋಗಿ ಇನ್ನಷ್ಟು ಅತ್ತ.

ದರ್ಜಿ ಅಳಲಿಲ್ಲ. "ಇದು ಬುಧವಾರದ್ದಲ್ವಾ? ಅನಾಮಿಕಂದು. ನಮ್ಮನೇಲಿ ಎರಡೂ ತರಿಸ್ತೀವಿ."

ಭಾವ ನೊರೆ ಒರೆಸಿಕೊಂಡು, ಅರ್ಧ ಕೊಯ್ದ ಹೊಲದಂಥ ಮುಖ ಹೊತ್ತು, ಕೋಟನ್ನು ಹೇಗೋ ಸಿಕ್ಕಿಸಿಕೊಂಡು ಹೊರಟ. ಅವನು ನಡೆದು ಹೋದ. ಸುದ್ದಿ ದರ್ಜಿಯ ಸೈಕಲ್ಲಿನಲ್ಲಿ ಹೋಯಿತು.

ಆಫೀಸಿನಲ್ಲಿ ಟೈಪಿಸ್ಟ್ ಹೆಂಗಸು ಯಂತ್ರದ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. "ಭಾವ, ಅಕ್ಕನ ಒಂದೊಂದು ಕಂತನ್ನೂ ಕತ್ತರಿಸಿ, ಸೂಜಿ ದಾರದಲ್ಲಿ ಹೊಲಿದು ಇಟ್ಕೊಂಡಿದೀನಿ. ನನ್ನ ಮಗಳಿಗೆ ಕೊಡಬೇಕು ಅಂತ. ಈಗ ಅದೆಲ್ಲ ಅನಾಮಿಕನಿಂದ ಕದ್ದಿದ್ದು ಅಂತಿದಾರೆ. ಹೊಲಿಗೆ ಬಿಚ್ಚಲಾ?"

"ಅಯ್ಯೋ ಬೇಡಮ್ಮ. ಹಾಗೆಲ್ಲ ಏನೂ ಇಲ್ಲ."

ಬೀರುವಿನ ಹಿಂದಿನ ಪತ್ರಿಕೆಗಳು ಅವನಿಗೆ ನೆನಪಾದವು. ಅವನ್ನಾದರೂ ಸಾಗಿಸಬೇಕೆಂದು ಕೋಣೆಗೆ ನುಗ್ಗಿ ಬೀರುವನ್ನು ಎಳೆದ. ಬೀರು ಮುಂದಕ್ಕೆ ಬಂತು. ಹಿಂದಿದ್ದ ಬುಧವಾರಗಳೆಲ್ಲ ಗೋಡೆಯಿಂದ ಜಾರಿ, ಸದ್ದು ಕೇಳಿ ಬಂದ ಮ್ಯಾನೇಜರ ಕಾಲಿನವರೆಗೂ ಹರಡಿಕೊಂಡವು.

ಮ್ಯಾನೇಜರು ಒಂದನ್ನು ಎತ್ತಿ ತಿರುವಿದರು. "ಓಹೋ. ಅಕ್ಕಂಗೆ ಕದ್ದು ಸಾಗಿಸೋರು ನೀವೇನಾ?"

ಸಂಜೆ ಮನೆ ಹೊಕ್ಕರೆ ಶುಕ್ರವಾರದ ಪತ್ರಿಕೆಯ ಸಂಪಾದಕರೇ ಕೂತಿದ್ದರು. ಎದುರಿಗಿದ್ದ ಟೀ ಕೆನೆಗಟ್ಟಿತ್ತು. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು.

"ಅಮ್ಮಾ, ನಿಮ್ಮ ಮೇಲೆ ನನಗೆ ಅನುಮಾನ ಇಲ್ಲ," ಸಂಪಾದಕರು ಹೇಳುತ್ತಿದ್ದರು. "ಆದ್ರೆ ಊರ ಬಾಯಿಗೆ ಏನು ಹೇಳಲಿ? ನಾಳೆ ಅಚ್ಚಿಗೆ ಹೋಗುತ್ತೆ. ನರ್ಸಮ್ಮನ ಕತೇಲೂ ಆ ಟ್ರಂಕು ಬರೋದು ನಿಜ ಆದ್ರೆ ನಿಮ್ಮ ಧಾರಾವಾಹಿ ಈ ವಾರಕ್ಕೇ ನಿಲ್ಲುತ್ತೆ. ಇಷ್ಟು ವರ್ಷದ ಹೆಸರೂ ಅದರ ಜೊತೆಗೇ ಹೋಗುತ್ತೆ."

ಅವಳು ಗಂಡನ ಕಡೆ ನೋಡಿದಳು. ಭಾವ ಸಂಪಾದಕರ ಮುಂದೆ ಬಂದು ನಿಂತ.

"ಕದ್ದಿದ್ದು ಅವಳಲ್ಲ ಸಾರ್, ನಾನು. ಕ್ಷೌರದಂಗಡೀಲಿ ಮರ್ಯಾದೆ ಉಳಿಸ್ಕೊಳ್ಳೋಕೆ ಆ ಅನಾಮಿಕನ ಕತೆ ಹೇಳಿಬಿಟ್ಟೆ. ಇವಳದ್ದು ನಂಗೆ ಗೊತ್ತಿಲ್ಲ. ನಾನು ಇವಳ ಬರಹ..." ಅವನು ಕೋಟಿನ ಗುಂಡಿ ಹಿಡಿದು ತಿರುವಿದ. "ಎರಡನೇ ಅಧ್ಯಾಯದಿಂದ ಮುಂದೆ ಯಾವತ್ತೂ ಓದಿಲ್ಲ."

ಸಂಪಾದಕರು ಮೊದಲು ಕಣ್ಣರಳಿಸಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಆರಿದ ಟೀಯನ್ನು ಒಂದೇ ಗುಟುಕಿಗೆ ಮುಗಿಸಿದರು. ಬಾಗಿಲಲ್ಲಿ ನಿಂತು ಅಂದರು: "ಮನೆಯವರನ್ನೇ ಹೀಗೆ ಹಿಡಿದಿಟ್ಟಿದಾನೆ ಅಂದ್ರೆ ಆ ಅನಾಮಿಕ ಘಾಟಿ ಆಸಾಮಿ. ನಿಮ್ಮ ಹಾಗೆ ನಮಗೊಬ್ಬರಿಗೇ ಬರೀತೀನಿ ಅಂತ ಮಾತು ಕೊಟ್ರೆ ಅವನನ್ನೂ ಎಳ್ಕೊಂಡುಬಿಡ್ತೀನಿ. ಯಾರಂತ ಪತ್ತೆ ಹಚ್ಚೋದೇ ನಾಳೆಯಿಂದ ನನ್ನ ಕೆಲಸ."

ಅವರ ಚಪ್ಪಲಿಯ ಸದ್ದು ಬೀದಿಯ ಕೊನೆಗೆ ಅಡಗಿತು. ಹೆಂಡತಿ ಬೈದಿದ್ದರೆ ಭಾವನಿಗೆ ಸಮಾಧಾನವಾಗುತ್ತಿತ್ತು. ಅವಳು ಹತ್ತಿರ ಬಂದು ಅವನ ಕೋಟಿನ ಗುಂಡಿಗಳನ್ನು ಒಂದೊಂದೇ ಬಿಚ್ಚಿ ಸರಿಯಾಗಿ ಹಾಕತೊಡಗಿದಳು.

"ಇವತ್ತು ಮತ್ತೆ ತಪ್ಪು ಹಾಕಿದೀರ."

"ಆ ಗುಮಾಸ್ತನೂ ಹೀಗೇ..."

"ಗೊತ್ತು. ಅವನಿಗೆ ಕೋಟು ತೊಡಿಸಿದ್ದು ನಾನೇ."

ಅದು ತಲೆಗಿಳಿಯಲು ಭಾವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಮೊದಲ ಪುಸ್ತಕದಲ್ಲಿ ನಿಮ್ಮನ್ನ ಬೇಗ ಸಾಯಿಸಿಬಿಟ್ಟೆ," ಅವಳು ಗುಂಡಿಯನ್ನೇ ನೋಡುತ್ತಾ ಹೇಳಿದಳು. "ಆಮೇಲೆ ನೀವು ಓದಲೇ ಇಲ್ಲ. ಊರೆಲ್ಲ ಓದಿದ್ರೂ ಅದೊಂದು ಕೊರಗು. ನನ್ನ ಹೆಸರು ಕಂಡ್ರೆ ನೀವು ಮುಟ್ಟಲ್ಲ. ಅದಕ್ಕೇ ಆ ಅನಾಮಿಕ ಅನ್ನೋ ಹೆಸರು."

"ನಾನು ಓದ್ತಿದೀನಿ ಅಂತ ಹೇಗೆ ಗೊತ್ತಾಯ್ತು?"

"ಗುಂಡಿ ವಿಷಯ ಬಂದ ಮಾರನೇ ದಿನದಿಂದ ಕನ್ನಡಿ ಮುಂದೆ ನಿಂತು ಗುಂಡಿ ನೋಡ್ಕೊಳ್ಳೋಕೆ ಶುರು ಮಾಡಿದ್ರಲ್ಲ."

ಭಾವನ ಮುಖದ ಬೋಳಿಸಿದ ಅರ್ಧ ಕೆಂಪಾಯಿತು. ಕುರ್ಚಿ ಎಳೆದುಕೊಂಡು ಮಗುವಿನಂತೆ ಕೂತ. "ಹಾಗಾದ್ರೆ ಈ ಬುಧವಾರ ಏನಾಗುತ್ತೆ?"

"ಬುಧವಾರ ಇನ್ನು ಇಲ್ಲ ರೀ. ಕೇಳಿದ್ರಲ್ಲ, ನಾನು ಇವರಿಗೆ ಬಿಟ್ಟು ಬೇರೆಯವರಿಗೆ ಬರೆಯೋ ಹಾಗಿಲ್ಲ. ಈವರೆಗೆ ಯಾರೂ ಹುಡುಕಿರಲಿಲ್ಲ. ಇನ್ನು ಹುಡುಕ್ತಾರೆ. ನಾಳೆಯೇ ನಿಲ್ಲಿಸಿ ಅಂತ ಹೇಳಿ ಕಳಿಸ್ತೀನಿ."

"ಮತ್ತೆ ಆ ಟ್ರಂಕು? ಅವಳು ಬರ್ತಾಳೋ ಇಲ್ವೋ, ಅದೊಂದಾದ್ರೂ ಹೇಳೇ."

"ನಿಮಗೆ ಹೇಳಿದ್ರೆ ಅದು ಕ್ಷೌರದಂಗಡಿಗೆ ಹೇಳಿದ ಹಾಗೆ," ಎಂದು ಅವಳು ಒಳಗೆ ಹೋಗಿ ಮೇಜಿನ ಮುಂದೆ ಕೂತಳು. ನರ್ಸಮ್ಮನ ಕಂತು ಬಾಕಿಯಿತ್ತು. ಭಾವ ಬಾಗಿಲಲ್ಲೇ ನಿಂತು ಲೇಖನಿಯ ಸದ್ದು ಕೇಳಿದ.

ಮಾರನೇ ಬೆಳಿಗ್ಗೆ ಉಳಿದರ್ಧ ಗಡ್ಡಕ್ಕೆ ಮತ್ತೆ ಅಲ್ಲಿಗೇ ಹೋಗಬೇಕಾಯಿತು. ಕ್ಷೌರಿಕ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಮೇಲಿಟ್ಟ.

"ಭಾವ, ನರ್ಸಮ್ಮನ ವಿಷಯ ಹಾಗಿರಲಿ. ಆ ಟ್ರಂಕಿನವಳು ಬರ್ತಾಳಾ? ನಿನ್ನೆಯಿಂದ ನನಗೇ ಊಟ ಸೇರ್ತಿಲ್ಲ."

"ನಂಗೂ," ಎಂದ ಭಾವ.